ವಿಂಡೋಸ್ ತೆರೆದರೆ ಲಿನಕ್ಸ್ ಇಲ್ಲ, ಲಿನಕ್ಸ್ ತೆರೆದರೆ ವೈಫೈ ಇಲ್ಲ: ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮ ಮನೆ ಆಲ್ದೂರು ಹತ್ತಿರ. ನಾನು ಚಿಕ್ಕಮಗಳೂರಿನಲ್ಲಿ ಬಿಸಿಎ ಓದುತ್ತಿದ್ದೇನೆ. ಓದಿಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ 11ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 11 ಇತ್ತು. ಕ್ಲಾಸ್‌ಮೇಟ್ ಒಬ್ಬ ಕೊಟ್ಟ ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ 20 ಹಾಕಲು ಹೋದೆ. ಮೊದಲು ಡಿಸ್ಕ್ ಕಾಣಲೇ ಇಲ್ಲ. ವಿಡಿಯೋ ನೋಡಿ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ವಿಎಂಡಿ ಅನ್ನೋದನ್ನು ಆಫ್ ಮಾಡಿದ ಮೇಲೆ ಕಂಡಿತು, ಇನ್‌ಸ್ಟಾಲ್ ಆಯಿತು. ಈಗ ವಿಎಂಡಿ ಆಫ್ ಇದ್ದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಆನ್ ಮಾಡಿದರೆ ಲಿನಕ್ಸ್ ಕಪ್ಪು ಪರದೆಗೆ ಬಂದು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ, ಸೌಂಡ್ ಕೇಳಿದರೆ ಡಮ್ಮಿ ಔಟ್‌ಪುಟ್ ಅಂತ ತೋರಿಸುತ್ತದೆ. ಮುಚ್ಚಿ ಬ್ಯಾಗಿಗೆ ಹಾಕಿದರೆ ಬ್ಯಾಟರಿ ಖಾಲಿ. ವೈಫೈಗೆ ಯಾವುದೋ ಸ್ಕ್ರಿಪ್ಟ್ ಓಡಿಸಿದೆ, ಅದೂ ಎರರ್ ಕೊಟ್ಟಿತು. ಅಪ್ಪನ ಎಸ್ಟೇಟ್ ಲೆಕ್ಕ ಎಲ್ಲಾ ವಿಂಡೋಸ್‌ನಲ್ಲಿ ನುಡಿ ಸಾಫ್ಟ್‌ವೇರ್‌ನಲ್ಲಿದೆ, ಅದು ಹೋಗಬಾರದು. ಲ್ಯಾಪ್‌ಟಾಪ್ ಸರಿ ಇಲ್ವಾ, ಅಥವಾ ಲಿನಕ್ಸ್ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಲ್ಯಾಪ್‌ಟಾಪ್ ಸರಿಯಾಗಿದೆ. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ, ಅದು ನಿಮ್ಮ ಕ್ಲಾಸ್‌ಮೇಟ್ ಕೊಟ್ಟ ಪೆನ್‌ಡ್ರೈವ್.

ಮಿಂಟ್ 20 ಬಂದಿದ್ದು 2020ರ ಜೂನ್‌ನಲ್ಲಿ. ಅದರೊಳಗಿರುವ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ಸಿಸ್ಟಂನ ತಿರುಳು, 5.4, ಅದು ಇನ್ನೂ ಹಳೆಯದು, 2019ರ ನವೆಂಬರ್‌ನದು. ನಿಮ್ಮ 11ನೇ ಜನರೇಷನ್ ಇಂಟೆಲ್ ಪ್ರೊಸೆಸರ್‌ಗಳನ್ನು ಕಂಪನಿ ಹೊರಗೆ ಬಿಟ್ಟಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಂದರೆ ನಿಮ್ಮ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬರುವ ಮೊದಲೇ ಬರೆದು ಮುಗಿಸಿದ ಕರ್ನಲ್ ಅದು. ಅದಕ್ಕೆ ನಿಮ್ಮ ವೈಫೈ ಚಿಪ್ ಗೊತ್ತಿಲ್ಲದೇ ಇರೋದರಲ್ಲಿ ಆಶ್ಚರ್ಯ ಏನೂ ಇಲ್ಲ. ಮಿಂಟ್ 20ಕ್ಕೆ 2025ರ ಏಪ್ರಿಲ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಕೂಡ ನಿಂತಿದೆ. ಹಾಗಾಗಿ ಅದನ್ನು ರಿಪೇರಿ ಮಾಡುತ್ತಾ ಕೂರುವ ಅಗತ್ಯವೇ ಇಲ್ಲ.

ವಿಂಡೋಸ್‌ನಿಂದ ಬಂದವರಿಗೆ ಇಲ್ಲೊಂದು ವಿಷಯ ಬೇಗ ತಲೆಗೆ ಹೋಗೋದಿಲ್ಲ. ವಿಂಡೋಸ್‌ನಲ್ಲಿ ಡ್ರೈವರ್ ಅಂದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿಗೆ ಹೋಗಿ, ಮಾಡೆಲ್ ನಂಬರ್ ಹಾಕಿ, ಇಳಿಸಿಕೊಳ್ಳುವ ಒಂದು ಫೈಲ್. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ. ಕರ್ನಲ್ ಹೊಸದಾದರೆ ಡ್ರೈವರ್‌ಗಳೂ ಹೊಸವು. ಅದರ ಜೊತೆಗೆ ಫರ್ಮ್‌ವೇರ್ ಅಂತ ಇನ್ನೊಂದಿದೆ, ಅದು ಚಿಪ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ, ಲಿನಕ್ಸ್-ಫರ್ಮ್‌ವೇರ್ ಅನ್ನೋ ಪ್ಯಾಕೇಜಿನಲ್ಲಿ ಬರುತ್ತದೆ. ಡ್ರೈವರ್ ಇದ್ದು ಫರ್ಮ್‌ವೇರ್ ಇಲ್ಲದಿದ್ದರೂ ವೈಫೈ ಏಳೋದಿಲ್ಲ. ಇವೆರಡೂ ನಿಮ್ಮ ಲ್ಯಾಪ್‌ಟಾಪಿಗಿಂತ ಹೊಸದಾಗಿರಬೇಕು. ಹೊಸ ಯಂತ್ರಕ್ಕೆ ಹಳೆ ಐಎಸ್‌ಒ (ಪೆನ್‌ಡ್ರೈವ್‌ಗೆ ಹಾಕುವ ಇನ್‌ಸ್ಟಾಲ್ ಫೈಲ್) ಹಾಕಿ ಆಮೇಲೆ ಒಂದೊಂದೇ ಡ್ರೈವರ್ ಹುಡುಕಿ ಅಲೆಯುವವರನ್ನು ಹಾಸನದಲ್ಲಿ ನಾನು ಜಾಸ್ತಿ ನೋಡುತ್ತೇನೆ. ಬಹಳ ಸಲ ಐಎಸ್‌ಒ ಬದಲಾಯಿಸಿದರೆ ಸಾಕು, ಅಲ್ಲಿಗೇ ಮುಗಿಯುತ್ತದೆ.

ಆದ್ದರಿಂದ ಮಿಂಟ್ 22.2 ಅಥವಾ ಅದಕ್ಕಿಂತ ಹೊಸದನ್ನು ಇಳಿಸಿಕೊಳ್ಳಿ. 22.2ರಲ್ಲಿ ಕರ್ನಲ್ 6.14 ಇದೆ, ಅಪ್‌ಡೇಟ್ 2029ರವರೆಗೆ ಸಿಗುತ್ತದೆ. ಮಿಂಟೇ ಆಗಬೇಕು ಅಂತಿಲ್ಲ, ಉಬುಂಟು 24.04ರ ಇತ್ತೀಚಿನ ಐಎಸ್‌ಒ ಆದರೂ ಸರಿ, ಡೆಬಿಯನ್ 13 ಆದರೂ ಸರಿ. ಮಿಂಟ್‌ನ ಫೈಲ್ ಸುಮಾರು 3 ಜಿಬಿ ಆಗುತ್ತದೆ. ಊರಲ್ಲಿ ಸಿಗ್ನಲ್ ಸಾಲದಿದ್ದರೆ ಚಿಕ್ಕಮಗಳೂರಿನಲ್ಲಿ ಇದ್ದಾಗಲೇ ಇಳಿಸಿ. ಇಳಿದ ಫೈಲ್ ಪೂರ್ತಿ ಇದೆಯಾ ಅಂತ ಒಮ್ಮೆ ಪರೀಕ್ಷಿಸಿ. ನೆಟ್ ನಡುವೆ ಕಡಿದು ಕಡಿದು ಬರುವ ಕಡೆ ಇದು ಮುಖ್ಯ, ಯಾಕೆಂದರೆ ಅರ್ಧ ಹಾಳಾದ ಐಎಸ್‌ಒ ಕೂಡ ಬೂಟ್ ಆಗುತ್ತದೆ, ಆಮೇಲೆ ಇನ್‌ಸ್ಟಾಲ್ ಮಧ್ಯದಲ್ಲಿ ಅರ್ಥವಾಗದ ಎರರ್ ಕೊಡುತ್ತದೆ, ನೀವು ಡಿಸ್ಕ್ ಹೋಯಿತು ಅಂದುಕೊಳ್ಳುತ್ತೀರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಅನ್ನೋ ಕಮಾಂಡ್ ಇದೆ. ಅದಕ್ಕೆ ಹೈಫನ್ ಹ್ಯಾಶ್‌ಫೈಲ್, ಆಮೇಲೆ ಫೈಲ್ ಹೆಸರು, ಕೊನೆಗೆ ಎಸ್‌ಎಚ್‌ಎ256 ಅಂತ ಕೊಟ್ಟರೆ ಒಂದು ಉದ್ದನೆಯ ಸಂಖ್ಯೆ ಬರುತ್ತದೆ. ಮಿಂಟ್‌ನವರ ಸೈಟಿನಲ್ಲಿ ಕೊಟ್ಟಿರುವ ಸಂಖ್ಯೆಗೆ ಅದು ತಾಳೆ ಆಗಬೇಕು. ತಾಳೆಯಾದರೆ ರೂಫಸ್ ಅನ್ನೋ ಪ್ರೋಗ್ರಾಂನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಳ್ಳಿ, ಪಾರ್ಟಿಷನ್ ಸ್ಕೀಮ್ ಜಿಪಿಟಿ ಇರಲಿ.

ಈಗ ಇನ್‌ಸ್ಟಾಲ್‌ಗೆ ಮೊದಲಿನ ಮಾತು. ಇದನ್ನು ದಯವಿಟ್ಟು ಹಾರಿಸಬೇಡಿ, ಅಪ್ಪನ ಲೆಕ್ಕ ಅದರಲ್ಲಿದೆ.

ಆ ನುಡಿ ಫೈಲ್‌ಗಳನ್ನೆಲ್ಲ ಬೇರೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೆಗೆದು ಪಕ್ಕಕ್ಕಿಡಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಅಂತ ಇದೆಯಾ ನೋಡಿ. ಅದು ಆನ್ ಇದ್ದರೆ ನಿಮ್ಮ ಡಿಸ್ಕ್ ಬಿಟ್‌ಲಾಕರ್ ಬೀಗದೊಳಗಿದೆ ಅಂತ ಅರ್ಥ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅಂಥದ್ದನ್ನು ಮುಟ್ಟಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಅಲ್ವಾ? ಹಳೆ ಮಾಲೀಕರ ಅಕೌಂಟ್‌ನಲ್ಲೇ ವಿಂಡೋಸ್ ಓಡುತ್ತಿದ್ದರೆ ಕೀ ಅವರ ಹತ್ತಿರ ಇರುತ್ತದೆ, ನಿಮ್ಮ ಹತ್ತಿರ ಅಲ್ಲ. ಅವರು ಫೋನ್ ತೆಗೆಯದಿದ್ದರೆ ಕಥೆ ಮುಗೀತು. ಈಗ ವಿಂಡೋಸ್ ತೆರೆಯುತ್ತಿದೆ, ಈಗಲೇ ಆ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಬಿಡಿ. ಆಫ್ ಮಾಡಲು ಇಷ್ಟವಿಲ್ಲದಿದ್ದರೆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಟೆಕ್ಸ್ಟ್ ಫೈಲ್ ಮಾಡಿ ಇಟ್ಟರೆ ಪ್ರಯೋಜನ ಇಲ್ಲ.

ಇನ್ನೊಂದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ ಶಟ್‌ಡೌನ್ ಅಂದಾಗ ನಿಜವಾಗಿ ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ತನ್ನ ಕರ್ನಲ್ಲನ್ನು ಡಿಸ್ಕಿಗೆ ಬರೆದು ಅರ್ಧ ನಿದ್ದೆಗೆ ಹೋಗುತ್ತದೆ. ಆಗ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್ ತೆರೆದರೆ ಓದೋದಕ್ಕೆ ಮಾತ್ರ ಸಿಗುತ್ತದೆ, ಬರೆಯೋಕೆ ಬಿಡೋದಿಲ್ಲ. ಕೆಲವು ವೈಫೈ ಕಾರ್ಡ್‌ಗಳೂ ಇದರಿಂದಲೇ ಲಿನಕ್ಸ್‌ನಲ್ಲಿ ಎಚ್ಚರಾಗದೆ ಕೂರುತ್ತವೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಜಾಗ ಬಿಟ್ಟು ಸ್ಲ್ಯಾಶ್ ಎಚ್, ಜಾಗ ಬಿಟ್ಟು ಆಫ್ ಅಂತ ಹೊಡೆದರೆ ಆಯಿತು.

ಬ್ಯಾಟರಿಯನ್ನೂ ನೋಡಿ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ನೂರು ಅಂತ ತೋರಿಸಿ ಚಾರ್ಜರ್ ಕಿತ್ತ ಕೂಡಲೇ ಆರಿಹೋಗುವವು ಇರುತ್ತವೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಪಾರ್ಟಿಷನ್ ಬದಲಾಯಿಸುವಾಗ, ಅದಕ್ಕಿಂತ ಹೆಚ್ಚಾಗಿ ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡ್ ರಿಪೇರಿಗೇ ಹೋಗಬೇಕಾಗಬಹುದು. ಚಾರ್ಜರ್ ಇಲ್ಲದೆ ಅರ್ಧ ಗಂಟೆ ಓಡುತ್ತದೆ ಅಂತ ಖಾತ್ರಿಯಾದ ಮೇಲೆ ಕೈ ಹಾಕಿ.

ಇನ್ನು ಡಿಸ್ಕ್ ವಿಷಯ. ವಿಎಂಡಿ ಅನ್ನೋದು ಇಂಟೆಲ್‌ನ ಒಂದು ವ್ಯವಸ್ಥೆ, ಎಸ್‌ಎಸ್‌ಡಿ ಮತ್ತು ಆಪರೇಟಿಂಗ್ ಸಿಸ್ಟಂ ನಡುವೆ ಇನ್ನೊಂದು ಕಂಟ್ರೋಲರ್ ಕೂತಿರುತ್ತದೆ. 11ನೇ ಜನರೇಷನ್‌ನಿಂದ ಲ್ಯಾಪ್‌ಟಾಪ್‌ಗಳಲ್ಲಿ ಇದು ಆನ್ ಆಗಿಯೇ ಬರೋದು ಜಾಸ್ತಿ. ಹಳೆ ಕರ್ನಲ್‌ಗೆ ನಿಮ್ಮ ಪೀಳಿಗೆಯ ವಿಎಂಡಿ ಗೊತ್ತಿಲ್ಲ, ಹಾಗಾಗಿ ಅದರ ಹಿಂದೆ ಇರುವ ಡಿಸ್ಕ್ ಕಾಣಲಿಲ್ಲ. ನೀವು ಆಫ್ ಮಾಡಿದಿರಿ, ಲಿನಕ್ಸ್‌ಗೆ ಡಿಸ್ಕ್ ಕಂಡಿತು. ಆದರೆ ವಿಂಡೋಸ್ ಇನ್‌ಸ್ಟಾಲ್ ಆದಾಗ ವಿಎಂಡಿ ಆನ್ ಇತ್ತು, ಬೂಟ್ ಆಗುವಾಗ ಅದು ಆ ಡ್ರೈವರ್ ಒಂದನ್ನೇ ಎತ್ತಿಕೊಳ್ಳುತ್ತದೆ. ಅದರ ಡಿಸ್ಕ್ ಮಾಯವಾಯಿತು. ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಇತ್ತಲ್ವಾ? ಅದರ ಅರ್ಥ ಇಷ್ಟೇ. ಡೇಟಾ ಏನೂ ಹೋಗಿಲ್ಲ.

ಹೊಸ ಪೆನ್‌ಡ್ರೈವ್ ಬಂದ ಮೇಲೆ ಮೊದಲು ವಿಎಂಡಿಯನ್ನು ಆನ್ ಮಾಡಿ, ಅಂದರೆ ವಿಂಡೋಸ್‌ಗೆ ಬೇಕಾದ ಹಾಗೆ ಬಿಟ್ಟು, ಲೈವ್‌ಗೆ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್‌ಗೆ, ಬೂಟ್ ಮಾಡಿ. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಅಂತ ಸಣ್ಣ ಅಕ್ಷರದಲ್ಲಿ ಹೊಡೆಯಿರಿ. ಎನ್‌ವಿಎಂಇ0ಎನ್1 ಅಂತ ಶುರುವಾಗುವ ಸಾಲುಗಳು ಕಂಡರೆ ಹೊಸ ಕರ್ನಲ್ ವಿಎಂಡಿ ಮೂಲಕವೇ ಡಿಸ್ಕ್ ನೋಡುತ್ತಿದೆ ಅಂತ. ಆಗ ಬಯೋಸ್ ಮುಟ್ಟಲೇಬೇಡಿ, ಹಾಗೇ ಇನ್‌ಸ್ಟಾಲ್ ಮಾಡಿ, ಎರಡೂ ಬೂಟ್ ಆಗುತ್ತವೆ.

ಕಾಣಲಿಲ್ಲ ಅಂದರೆ ವಿಎಂಡಿ ಆಫ್ ಮಾಡಲೇಬೇಕು, ಆದರೆ ವಿಂಡೋಸ್‌ಗೆ ಮೊದಲೇ ತಿಳಿಸಿ ಮಾಡಬೇಕು. ಅದು ಹೀಗೆ: ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಎಡಿಟ್, ಸ್ಲ್ಯಾಶ್ ಸೆಟ್, ಸೇಫ್‌ಬೂಟ್, ಮಿನಿಮಲ್ ಅಂತ ಕೊಡಿ, ನಡುವೆ ಒಂದೊಂದು ಜಾಗ ಬಿಟ್ಟು. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ ಸೇವ್ ಮಾಡಿ. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುತ್ತದೆ. ಸೇಫ್ ಮೋಡ್‌ನಲ್ಲಿ ಅದು ಮಾಮೂಲಿ ಡಿಸ್ಕ್ ಡ್ರೈವರ್‌ಗಳನ್ನೂ ಎತ್ತಿಕೊಳ್ಳುವುದರಿಂದ ಡಿಸ್ಕ್ ಸಿಗುತ್ತದೆ, ಮುಂದಿನ ಸಲಕ್ಕೂ ನೆನಪಿಟ್ಟುಕೊಳ್ಳುತ್ತದೆ. ಅಲ್ಲೇ ಮತ್ತೆ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಎಡಿಟ್, ಸ್ಲ್ಯಾಶ್ ಡಿಲೀಟ್‌ವ್ಯಾಲ್ಯೂ, ಸೇಫ್‌ಬೂಟ್ ಅಂತ ಕೊಟ್ಟು ರೀಸ್ಟಾರ್ಟ್ ಮಾಡಿ. ಇನ್ನು ಮೇಲೆ ವಿಎಂಡಿ ಆಫ್ ಇದ್ದೇ ವಿಂಡೋಸ್ ಮಾಮೂಲಾಗಿ ಬರುತ್ತದೆ, ಪ್ರತಿ ಸಲ ಬಯೋಸ್‌ಗೆ ಹೋಗಿ ಬದಲಾಯಿಸುವ ಕಷ್ಟ ತಪ್ಪಿತು. ಒಂದೇ ಎಚ್ಚರ: ಸೇಫ್ ಮೋಡ್‌ನಲ್ಲಿ ಪಿನ್ ತೆಗೆದುಕೊಳ್ಳದೇ ಇರಬಹುದು, ಅಕೌಂಟಿನ ಪೂರ್ತಿ ಪಾಸ್‌ವರ್ಡ್ ಗೊತ್ತಿರಲಿ. ಲ್ಯಾಪ್‌ಟಾಪ್‌ನಲ್ಲಿ ಆಪ್ಟೇನ್ ಮೆಮೊರಿ (ಡಿಸ್ಕ್ ವೇಗ ಹೆಚ್ಚಿಸುವ ಇಂಟೆಲ್‌ನ ಭಾಗ) ಇದ್ದರೆ ಅದನ್ನು ಮೊದಲು ವಿಂಡೋಸ್ ಒಳಗಿಂದಲೇ ಡಿಸೇಬಲ್ ಮಾಡಬೇಕು.

ಬೇರೆ ಓದುಗರಿಗೆ ಒಂದು ಮಾತು. ಏಸರ್‌ನ ಹಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಈ ವಿಎಂಡಿ ಆಯ್ಕೆ ಕಣ್ಣಿಗೆ ಬೀಳೋದೇ ಇಲ್ಲ. ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಹೊರಗೆ ಬರುತ್ತದೆ.

ಇನ್‌ಸ್ಟಾಲ್ ಮಾಡುವ ಮೊದಲು ಲೈವ್‌ನಲ್ಲೇ ಎಲ್ಲವನ್ನೂ ಪರೀಕ್ಷಿಸಿ. ಲೈವ್ ಇರೋದೇ ಅದಕ್ಕೆ. ವೈಫೈ ಹಿಡಿಯುತ್ತದಾ, ಟಚ್‌ಪ್ಯಾಡ್ ಓಡುತ್ತದಾ, ಒಂದು ಹಾಡು ಹಾಕಿ ಕೇಳಿ, ಮೈಕ್‌ನಲ್ಲಿ ಮಾತಾಡಿ, ಬ್ರೈಟ್‌ನೆಸ್ ಕೀ ಒತ್ತಿ, ಕ್ಯಾಮೆರಾ ತೆರೆಯಿರಿ. ಇಲ್ಲಿ ಕೆಲಸ ಮಾಡಿದ್ದು ಇನ್‌ಸ್ಟಾಲ್ ಆದ ಮೇಲೂ ಮಾಡುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಮಾತ್ರ ಆಮೇಲೆ ಸ್ವಲ್ಪ ಕೆಲಸ ಉಳಿದಿರುತ್ತದೆ, ಅದಕ್ಕೆ ಮುಂದೆ ಬರುತ್ತೇನೆ. ಇನ್‌ಸ್ಟಾಲರ್‌ನಲ್ಲಿ ಸಮ್‌ಥಿಂಗ್ ಎಲ್ಸ್ ಆರಿಸಿ, ಈಗಿರುವ ಹಳೆ ಮಿಂಟ್‌ನ ಇಎಕ್ಸ್‌ಟಿ4 ಪಾರ್ಟಿಷನ್ನನ್ನೇ ಫಾರ್ಮ್ಯಾಟ್‌ಗೆ ಟಿಕ್ ಮಾಡಿ, ಮೌಂಟ್ ಪಾಯಿಂಟ್‌ನಲ್ಲಿ ಬರೀ ಸ್ಲ್ಯಾಶ್ ಇಡಿ. ಇಎಫ್‌ಐ ಪಾರ್ಟಿಷನ್ ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಬೂಟ್ ಆಗುವ ಫೈಲ್‌ಗಳು ಅದರಲ್ಲೇ ಇವೆ. ಎನ್‌ಟಿಎಫ್‌ಎಸ್ ಅಂತ ಇರುವ ಯಾವುದನ್ನೂ ಮುಟ್ಟಬೇಡಿ, ಅವು ವಿಂಡೋಸ್‌ನವು.

ಈಗ ವೈಫೈ. ನೀವು ಚಿಪ್ ಯಾವುದು ಅಂತ ಬರೆದಿಲ್ಲ. ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಲದು, ಯಾಕೆಂದರೆ ಒಂದೇ ಮಾಡೆಲ್ ಹೆಸರಿನಲ್ಲಿ ಕಂಪನಿಗಳು ಎರಡು ಮೂರು ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರುತ್ತವೆ. ನಿಮ್ಮ ಕ್ಲಾಸ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ನಿಮ್ಮದರಲ್ಲಿ ಓಡದೇ ಇರೋದು ಅದಕ್ಕೇ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ, ಜಾಗ ಬಿಟ್ಟು, ಹೈಫನ್ ಹಾಕಿ ಎನ್‌ಎನ್‌ಕೆ ಅಂತ ಹೊಡೆಯಿರಿ. ದೊಡ್ಡ ಪಟ್ಟಿ ಬರುತ್ತದೆ, ಗಾಬರಿ ಬೇಡ. ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ಸಾಲು ಹುಡುಕಿ. ಆ ಸಾಲಿನ ಕೊನೆಯಲ್ಲಿ ಚೌಕಾಕಾರದ ಕಂಸದಲ್ಲಿ ಎರಡು ಭಾಗದ ಒಂದು ಸಂಖ್ಯೆ ಇರುತ್ತದೆ, ಉದಾಹರಣೆಗೆ 10ಇಸಿ:ಸಿ821. ಮೊದಲ ಭಾಗ ಚಿಪ್ ಕಂಪನಿ, 10ಇಸಿ ಅಂದರೆ ರಿಯಲ್‌ಟೆಕ್. ಎರಡನೆಯದು ಚಿಪ್, ಸಿ821 ಅಂದರೆ 8821ಸಿಇ. ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಅಂತ ಒಂದು ಸಾಲು ಇದ್ದರೆ ಕರ್ನಲ್‌ಗೆ ಚಿಪ್ ಗೊತ್ತಿದೆ, ಡ್ರೈವರ್ ಹತ್ತಿಕೊಂಡಿದೆ. ಆ ಸಾಲೇ ಇಲ್ಲ ಅಂದರೆ ಡ್ರೈವರ್ ಇಲ್ಲ ಅಥವಾ ಲೋಡ್ ಆಗಿಲ್ಲ. ಇಷ್ಟು ನೋಡಿದರೆ ಸಮಸ್ಯೆ ಎಲ್ಲಿದೆ ಅಂತ ಬಹುಪಾಲು ಗೊತ್ತಾಗುತ್ತದೆ. ಸುಮ್ನೆ ವಿಡಿಯೋ ನೋಡಿ ಸ್ಕ್ರಿಪ್ಟ್ ಓಡಿಸುವ ಮೊದಲು ಎಲ್ಲರೂ ಈ ಎರಡು ಸಾಲು ಓದಬೇಕು ಅನ್ನೋದು ನನ್ನ ಕಳಕಳಿಯ ಕೋರಿಕೆ.

ನಿಮ್ಮದು ಆ 8821ಸಿಇ ಆಗಿದ್ದರೆ ಮಿಂಟ್ 20ರಲ್ಲಿ ಓಡದೇ ಇದ್ದದ್ದು ಸಹಜ. ಆ ಚಿಪ್‌ನ ಡ್ರೈವರ್ ಕರ್ನಲ್ ಒಳಗೆ ಬಂದಿದ್ದೇ 5.9ರಲ್ಲಿ, 2020ರ ಅಕ್ಟೋಬರ್‌ಗೆ. 8852ಬಿಇ ಆಗಿದ್ದರೆ ಇನ್ನೂ ತಡ, 6.2ರಲ್ಲಿ. ಹೊಸ ಮಿಂಟ್‌ನಲ್ಲಿ ಇವೆರಡೂ ತಾವಾಗಿಯೇ ಏಳುತ್ತವೆ. ಇಂಟೆಲ್‌ನ ಎಎಕ್ಸ್ ಸರಣಿಯ ಕಾರ್ಡ್ ಇದ್ದರೆ ಇನ್ನೂ ನಿಶ್ಚಿಂತೆ. ಬ್ರಾಡ್‌ಕಾಮ್ ಇದ್ದರೆ ಮಾತ್ರ ಬೇರೆ ಡ್ರೈವರ್ ಬೇಕಾಗಬಹುದು, ಅದು ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ.

ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು, ಮನೆಯಲ್ಲಿ ಲ್ಯಾನ್ ಕೇಬಲ್ ಇಲ್ಲ. ಇದಕ್ಕೆ ನಿಮ್ಮ ಆಂಡ್ರಾಯ್ಡ್ ಫೋನೇ ಪರಿಹಾರ. ಚಾರ್ಜಿಂಗ್ ಕೇಬಲ್‌ನಲ್ಲಿ ಫೋನನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ವೈರ್ ನೆಟ್‌ವರ್ಕ್ ಥರ ಕಾಣುತ್ತದೆ, ಯಾವ ಡ್ರೈವರೂ ಹಾಕಬೇಕಿಲ್ಲ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಲಿ, ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ನಲ್ಲಿ ಆ ಆಯ್ಕೆ ಬೂದು ಬಣ್ಣದಲ್ಲೇ ಉಳಿಯುತ್ತದೆ. ಪಿಜಿಯಲ್ಲಿ ವೈಫೈ ಇದ್ದರೆ ಫೋನ್ ಅದಕ್ಕೆ ಕನೆಕ್ಟ್ ಆಗಿದ್ದಾಗಲೂ ಟೆದರಿಂಗ್ ಮಾಡಬಹುದು, ನಿಮ್ಮ ಡೇಟಾ ಪ್ಯಾಕ್ ಖರ್ಚಾಗೋದಿಲ್ಲ.

ಡ್ರೈವರ್ ಸಾಲು ಕಾಣುತ್ತಿದೆ, ಆದರೂ ವೈಫೈ ಇಲ್ಲ ಅಂದರೆ ಇನ್ನೆರಡು ನೋಡಿ. ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೊಟ್ಟರೆ ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್ ಅಂತ ತೋರಿಸುತ್ತದೆ. ಹಾರ್ಡ್ ಎದುರು ಯೆಸ್ ಇದ್ದರೆ ಏರೋಪ್ಲೇನ್ ಚಿತ್ರದ ಕೀ ಒತ್ತಿ ನೋಡಿ. ಅದಲ್ಲದಿದ್ದರೆ ಸುಡೋ (ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಪದ) ಹಾಕಿ ಡಿ, ಎಂ, ಇ, ಎಸ್, ಜಿ ಅನ್ನುವ ಐದು ಅಕ್ಷರದ ಕಮಾಂಡ್ ಕೊಡಿ. ಕರ್ನಲ್ ಬೂಟ್ ಆದಾಗಿನಿಂದ ಹೇಳಿದ ಮಾತೆಲ್ಲಾ ಅದರಲ್ಲಿ ಇರುತ್ತದೆ. ಅದರಲ್ಲಿ ಫರ್ಮ್‌ವೇರ್ ಪದ ಇರುವ ಸಾಲಿನ ಕೊನೆಗೆ ಮೈನಸ್ 2 ಅಂತ ಇದ್ದರೆ ಆ ಫೈಲ್ ಡಿಸ್ಕಿನಲ್ಲಿ ಇಲ್ಲ ಅಂತ ಅರ್ಥ. ಫೋನ್‌ನಿಂದ ನೆಟ್ ಕೊಟ್ಟು ಅಪ್‌ಡೇಟ್ ಮ್ಯಾನೇಜರ್ ಒಮ್ಮೆ ಪೂರ್ತಿ ಓಡಿಸಿ.

8821ಸಿಇ ಹಿಡಿದು ಆಗಾಗ ಬಿಟ್ಟುಹೋಗುವ ದೂರು ಕೂಡ ಇದೆ. ಚಿಪ್ ಕರೆಂಟ್ ಉಳಿಸಲು ನಿದ್ದೆ ಮಾಡಿ ಸರಿಯಾಗಿ ಏಳದೇ ಇರೋದು ಅದಕ್ಕೆ ಸಾಮಾನ್ಯ ಕಾರಣ. ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ, ಹೆಸರಿನ ಕೊನೆಗೆ ಡಾಟ್ ಕಾನ್ಫ್ ಇರುವ ಒಂದು ಫೈಲ್ ಮಾಡಿ, ಆಪ್ಷನ್ಸ್ ಆರ್‌ಟಿಡಬ್ಲ್ಯೂ88 ಅಂಡರ್‌ಸ್ಕೋರ್ ಪಿಸಿಐ, ಜಾಗ ಬಿಟ್ಟು ಡಿಸೇಬಲ್ ಅಂಡರ್‌ಸ್ಕೋರ್ ಎಎಸ್‌ಪಿಎಂ ಸಮ 1 ಅಂತ ಒಂದೇ ಸಾಲು ಬರೆದು ರೀಸ್ಟಾರ್ಟ್ ಮಾಡಿ. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗಬಹುದು, ಕನೆಕ್ಷನ್ ನಿಲ್ಲುತ್ತದೆ.

ನೀವು ಓಡಿಸಿದ ಸ್ಕ್ರಿಪ್ಟ್ ಯಾಕೆ ಎರರ್ ಕೊಟ್ಟಿತು? ಎರರ್ ಸಾಲು ಕಳಿಸಿಲ್ಲ, ಆದರೆ ಅದರಲ್ಲಿ ಕೀ ಅನ್ನೋ ಪದ ಇದ್ದರೆ ಕಾರಣ ಸೆಕ್ಯೂರ್ ಬೂಟ್. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳೋದಿಲ್ಲ. ಕರ್ನಲ್ ಜೊತೆ ಬಂದ ಡ್ರೈವರ್‌ಗೆ ಸಹಿ ಇರುತ್ತದೆ, ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿದ್ದಕ್ಕೆ ತಾನಾಗಿ ಇರೋದಿಲ್ಲ. ಹೊಸ ಮಿಂಟ್‌ನಲ್ಲಿ ನಿಮಗೆ ಆ ಸ್ಕ್ರಿಪ್ಟ್ ಬೇಕಾಗೋದೇ ಇಲ್ಲ, ಮರೆತುಬಿಡಿ.

ಆದರೆ ಎನ್‌ವಿಡಿಯಾ ಇರುವವರಿಗೆ ಸೆಕ್ಯೂರ್ ಬೂಟ್ ಆನ್ ಇದ್ದರೆ ಈ ಸಹಿಯ ಕೆಲಸ ತಪ್ಪದು. ಅವರು ಕಪ್ಪು ಪರದೆ ಬಂದರೆ ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಲಿ. ಇನ್‌ಸ್ಟಾಲ್ ಆದ ಮೇಲೂ ಕಪ್ಪೇ ಬಂದರೆ ಗ್ರಬ್ ಅನ್ನೋ ಲಿನಕ್ಸ್ ಬೂಟ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ ಎಫ್10 ಒತ್ತಿದರೆ ಆ ಒಂದು ಸಲಕ್ಕೆ ತೆರೆಯುತ್ತದೆ. ಒಳಗೆ ಹೋಗಿ ಡ್ರೈವರ್ ಮ್ಯಾನೇಜರ್‌ನಲ್ಲಿ ರೆಕಮೆಂಡೆಡ್ ಅಂತ ಇರುವುದನ್ನೇ ಹಾಕಿ. ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದ ಕೂಡಲೇ ನೀಲಿ ಬಣ್ಣದ ಮಾಕ್ (ನಿಮ್ಮ ಯಂತ್ರದ ಸಹಿಯ ಕೀ) ಮ್ಯಾನೇಜ್‌ಮೆಂಟ್ ಪರದೆ ಬರುತ್ತದೆ, ಅದು ಕೆಲವೇ ಸೆಕೆಂಡ್ ಇರುತ್ತದೆ. ಇಲ್ಲೇ ಜನ ಎಡವೋದು, ಏನೋ ಎರರ್ ಅಂತ ಕಂಟಿನ್ಯೂ ಒತ್ತಿಬಿಡುತ್ತಾರೆ. ಎನ್‌ರೋಲ್ ಮಾಕ್ ಆರಿಸಿ, ಕಂಟಿನ್ಯೂ, ಯೆಸ್, ಆಮೇಲೆ ಅದೇ ಪಾಸ್‌ವರ್ಡ್. ತಪ್ಪಿಹೋದರೆ ಡ್ರೈವರ್ ಇನ್‌ಸ್ಟಾಲ್ ಆಗಿದ್ದರೂ ಲೋಡ್ ಆಗೋದಿಲ್ಲ. ಆಗ ಸುಡೋ ಜೊತೆ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಕಮಾಂಡಿಗೆ ಎರಡು ಹೈಫನ್, ಎನ್‌ರೋಲ್-ಕೀ ಅಂತ ಕೊಟ್ಟು ಮತ್ತೊಮ್ಮೆ ಮಾಡಬಹುದು.

ಟಚ್‌ಪ್ಯಾಡ್ ಮತ್ತು ಸೌಂಡ್ ಎರಡೂ ಹೊಸ ಕರ್ನಲ್‌ನಿಂದ ಸರಿಹೋಗುತ್ತವೆ ಅಂತ ನನ್ನ ನಂಬಿಕೆ. ಈಗಿನ ಟಚ್‌ಪ್ಯಾಡ್‌ಗಳು ಐ2ಸಿ ಅನ್ನೋ ಬಸ್‌ನಲ್ಲಿ ಕೂತಿರುತ್ತವೆ, ಪ್ರೊಸೆಸರ್ ಹೊಸದಾದರೆ ಆ ಬಸ್ಸಿನ ಡ್ರೈವರೂ ಹೊಸದು ಬೇಕು. ಆದರೂ ಓಡದಿದ್ದರೆ ಬಯೋಸ್‌ನಲ್ಲಿ ಟಚ್‌ಪ್ಯಾಡ್‌ಗೆ ಬೇಸಿಕ್, ಅಡ್ವಾನ್ಸ್ಡ್ ಅಂತ ಆಯ್ಕೆ ಇದೆಯಾ ನೋಡಿ, ಬೇಸಿಕ್ ಮಾಡಿದರೆ ಓಡುತ್ತದೆ, ಎರಡು ಬೆರಳಿನ ಸನ್ನೆಗಳು ಹೋಗಬಹುದು. ಅಲ್ಲಿಯವರೆಗೆ ಒಂದು ಯುಎಸ್‌ಬಿ ಮೌಸ್ ಕೈಯಲ್ಲಿರಲಿ. ಡಮ್ಮಿ ಔಟ್‌ಪುಟ್ ಅಂದರೆ ಸಿಸ್ಟಂಗೆ ಯಾವ ಸೌಂಡ್ ಕಾರ್ಡೂ ಸಿಕ್ಕಿಲ್ಲ ಅಂತ. ಹೊಸ ಇಂಟೆಲ್‌ಗಳಲ್ಲಿ ಸೌಂಡ್‌ಗೆ ಎಸ್‌ಒಎಫ್ ಅನ್ನೋ ಫರ್ಮ್‌ವೇರ್ ಬೇಕು, ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್ ಪ್ಯಾಕೇಜ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಬ್ಯಾಗಿನಲ್ಲಿ ಬ್ಯಾಟರಿ ಖಾಲಿಯಾಗೋದಕ್ಕೆ ಹೊಸ ಕರ್ನಲ್ ಒಂದೇ ಪೂರ್ತಿ ಉತ್ತರ ಅಲ್ಲ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಅನ್ನೋ ಗಾಢ ನಿದ್ದೆ ಇತ್ತು. ಹೊಸವುಗಳಲ್ಲಿ ಅದನ್ನು ತೆಗೆದು, ಫೋನ್‌ನಂತೆ ಅರೆ ಎಚ್ಚರದಲ್ಲಿರುವ ಎಸ್2ಐಡಲ್ ಮಾತ್ರ ಕೊಡುವ ಕಂಪನಿಗಳು ಇವೆ. ಸಿಸ್ ಫೋಲ್ಡರ್, ಅದರೊಳಗೆ ಪವರ್, ಅದರೊಳಗೆ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಅನ್ನೋ ಫೈಲ್ ಓದಿ. ಅದರಲ್ಲಿ ಡೀಪ್ ಅನ್ನೋ ಪದ ಇದ್ದರೆ ನಿಮಗೆ ಗಾಢ ನಿದ್ದೆ ಸಿಗುತ್ತದೆ, ಗ್ರಬ್‌ನಲ್ಲಿ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಅಂಡರ್‌ಸ್ಕೋರ್ ಡಿಫಾಲ್ಟ್ ಸಮ ಡೀಪ್ ಅಂತ ಸೇರಿಸಿ. ಎಸ್2ಐಡಲ್ ಒಂದೇ ಇದ್ದರೆ ಬಯೋಸ್‌ನಲ್ಲೇ ಕೊಟ್ಟಿಲ್ಲ. ಆಗ ಆಲ್ದೂರಿಗೆ ಬಸ್ ಹತ್ತುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ. ಎಸ್‌ಎಸ್‌ಡಿ ಇರುವಾಗ ಮತ್ತೆ ಏಳೋಕೆ ಹೆಚ್ಚು ಹೊತ್ತು ಬೇಡ, ಬ್ಯಾಗಿನೊಳಗೆ ಬಿಸಿಯಾಗಿ ಬ್ಯಾಟರಿ ಹಾಳಾಗೋದಕ್ಕಿಂತ ಇದು ಮೇಲು.

ಕೆಲವು ಬಾಗಿಲು ಮುಚ್ಚಿವೆ, ಅದನ್ನೂ ನೇರ ಹೇಳುತ್ತೇನೆ. ಫಿಂಗರ್‌ಪ್ರಿಂಟ್ ಸೆನ್ಸರ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್‌ನಲ್ಲಿ ಓಡೋದಿಲ್ಲ, ಲಿನಕ್ಸ್‌ನ ಫಿಂಗರ್‌ಪ್ರಿಂಟ್ ಸಾಫ್ಟ್‌ವೇರ್ ಲಿಬ್‌ಎಫ್‌ಪ್ರಿಂಟ್‌ನವರ ಪಟ್ಟಿಯಲ್ಲಿ ನಿಮ್ಮ ಸೆನ್ಸರ್ ನಂಬರ್ ಇಲ್ಲದಿದ್ದರೆ ಅದರ ಹಿಂದೆ ಬೀಳಬೇಡಿ. ಪ್ರಿಂಟರ್‌ನಲ್ಲಿ ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲೆಲ್ಲ ಇರುವ ಕ್ಯಾನನ್ ಎಲ್‌ಬಿಪಿ2900 ಲಿನಕ್ಸ್‌ನಲ್ಲಿ ಕಷ್ಟ ಕೊಡುತ್ತದೆ, ಅದು ಕ್ಯಾಪ್ಟ್ ಎಂಬ ಬೇರೆಯದೇ ಭಾಷೆ ಮಾತಾಡುತ್ತದೆ. ಎಚ್‌ಪಿ ಇದ್ದರೆ ಎಚ್‌ಪಿಲಿಪ್ ಅನ್ನೋ ಪ್ಯಾಕೇಜ್ ಹಾಕಿದರೆ ಸಾಕಾಗುತ್ತದೆ, ಕೆಲವು ಮಾಡೆಲ್‌ಗೆ ಅದು ಕೇಳುವ ಪ್ಲಗಿನ್ ಕೂಡ.

ಅಪ್ಪನ ಲೆಕ್ಕ ವಿಂಡೋಸ್‌ನಲ್ಲೇ ಇರಲಿ, ಬದಲಾಯಿಸಲು ಒತ್ತಾಯ ಮಾಡಬೇಡಿ. ನೀವು ಲಿನಕ್ಸ್‌ನಲ್ಲಿ ಕನ್ನಡ ಬರೆಯೋಕೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಕೀಲಿಮಣೆ ವಿನ್ಯಾಸ ಸೇರಿಸಿಕೊಳ್ಳಿ, ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವಂಥದ್ದು ಹೆಚ್ಚೇನೂ ಇಲ್ಲ. ಹಳೆಯ ನುಡಿ ಫೈಲ್‌ಗಳನ್ನು ಲಿನಕ್ಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಫೈಲ್ ಕೆಟ್ಟಿಲ್ಲ, ಅವು ಯೂನಿಕೋಡ್‌ಗೆ ಮುಂಚಿನವು, ಪರಿವರ್ತನೆ ಮಾಡಿಕೊಳ್ಳಬೇಕು.

ಎರಡೂ ಸಿಸ್ಟಂ ಇದ್ದಾಗ ವಿಂಡೋಸ್ ಗಡಿಯಾರ 5 ಗಂಟೆ 30 ನಿಮಿಷ ಹಿಂದೆ ಹೋಗಿದ್ದು ನೋಡುತ್ತೀರಿ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್, ಸೆಟ್-ಲೋಕಲ್-ಆರ್‌ಟಿಸಿ, 1 ಅಂತ ಲಿನಕ್ಸ್‌ನಲ್ಲಿ ಒಮ್ಮೆ ಕೊಡಿ, ಸರಿಹೋಗುತ್ತದೆ.

ಹೊಸ ಐಎಸ್‌ಒನಲ್ಲೂ ಏನಾದರೂ ಓಡದೇ ಉಳಿದರೆ ಮತ್ತೆ ಬರೆಯಿರಿ. ಬರೆಯುವಾಗ ಎಲ್‌ಎಸ್‌ಪಿಸಿಐ ಕೊಟ್ಟ ಪಟ್ಟಿ, ಆ ಐದಕ್ಷರದ ಕಮಾಂಡಿನ ಮಾತು, ಯುನೇಮ್ ಹೈಫನ್ ಆರ್ ತೋರಿಸುವ ಕರ್ನಲ್ ನಂಬರ್, ಈ ಮೂರನ್ನೂ ಪೂರ್ತಿ ಟೆಕ್ಸ್ಟ್ ಆಗಿಯೇ ಕಳಿಸಿ. ಪರದೆಯ ಫೋಟೋದಲ್ಲಿ ಮುಖ್ಯವಾದ ಸಾಲೇ ಕತ್ತರಿಸಿ ಹೋಗಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಅಂತ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡಿರಿ, ಅದನ್ನೂ ಜೊತೆಗೆ ಬರೆಯಿರಿ.